ಬಿಡುವಿನ ವೇಳೆಯ ಕಾರು ವ್ಯಾಪಾರಕ್ಕೆ ಗಾಡಿಗಳನ್ನು ಎಲ್ಲಿಂದ ಕೊಳ್ಳಬೇಕು?

ಪ್ರಶ್ನೆ (ಗದಗದಿಂದ)

ನಾನು ಗದಗದಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಹಾಗೂ ಭಾನುವಾರದ ಬಿಡುವಿನಲ್ಲಿ ಹಳೆಯ ಕಾರುಗಳನ್ನು ಕೊಂಡು, ಸಣ್ಣಪುಟ್ಟ ಕೆಲಸ ಮಾಡಿಸಿ ಮಾರಬೇಕೆಂದಿದ್ದೇನೆ. ಕೈಯಲ್ಲಿರುವ ಹಣ ಒಂದು ಕಾರಿಗೆ, ಹೆಚ್ಚೆಂದರೆ ಎರಡಕ್ಕೆ ಸಾಲುತ್ತದೆ. ವ್ಯಾಗನ್ ಆರ್, ಸ್ವಿಫ್ಟ್, ಬೊಲೆರೊ ಇದ್ದರೆ ಹೇಳಿ ಎನ್ನುವವರು ನಮ್ಮ ಅಂಗಡಿಗೇ ಬರುತ್ತಾರೆ. ಆದರೆ ಆನ್‌ಲೈನಿನಲ್ಲಿ ಕಾಣುವ ಬೆಲೆಗೆ ಕೊಂಡರೆ ನನಗೆ ಏನೂ ಉಳಿಯುವುದಿಲ್ಲ. ಹುಬ್ಬಳ್ಳಿಯ ಶೋರೂಮುಗಳ ಎಕ್ಸ್‌ಚೇಂಜ್ ಗಾಡಿಗಳು, ಬ್ಯಾಂಕಿನ ಹರಾಜು, ಗೋವಾ ಪಾಸಿಂಗ್ (ಗೋವಾದಲ್ಲಿ ನೋಂದಣಿಯಾದ) ಗಾಡಿಗಳು ಇವುಗಳಲ್ಲಿ ನನ್ನಂಥವರಿಗೆ ಯಾವುದು ತಕ್ಕದ್ದು?

ಉತ್ತರ (ಹುಬ್ಬಳ್ಳಿಯಿಂದ)

ಈ ಮೂರಕ್ಕಿಂತ ಒಳ್ಳೆಯ ದಾರಿ ತಮ್ಮ ಅಂಗಡಿಯಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ. ಗೋಕುಲ ರಸ್ತೆಯ ಶೋರೂಮುಗಳಿಗೆ ಎಕ್ಸ್‌ಚೇಂಜಿನಲ್ಲಿ ಬರುವ ಗಾಡಿಗಳಲ್ಲಿ ಚೆನ್ನಾಗಿರುವವು ಸಾಮಾನ್ಯವಾಗಿ ಅವರದೇ ಹಳೆಯ ಕಾರುಗಳ ವಿಭಾಗಕ್ಕೆ ಹೋಗುತ್ತವೆ, ಉಳಿದವನ್ನು ಹಲವು ಗಾಡಿಗಳನ್ನು ಒಟ್ಟಿಗೆ ಎತ್ತುವ ಕಾಯಂ ವ್ಯಾಪಾರಿಗಳು ಒಯ್ಯುತ್ತಾರೆ. ಬ್ಯಾಂಕಿನ ಹರಾಜಿನಲ್ಲಿ ‘ಇದ್ದಲ್ಲಿ ಇದ್ದಂತೆ’ ಎಂಬ ಷರತ್ತಿರುತ್ತದೆ. ಯಾರ್ಡಿನಲ್ಲಿ ಬಿಸಿಲುಮಳೆಗೆ ನಿಂತ ಗಾಡಿಯನ್ನು ಓಡಿಸಿ ನೋಡದೆ ಕೂಗುವುದು ಒಂದೇ ಕಾರಿನ ಬಂಡವಾಳ ಇರುವವರಿಗೆ ಸಲ್ಲದು.

ತಮ್ಮ ಅಂಗಡಿಗೆ ಬರುವ ಮೆಕ್ಯಾನಿಕ್‌ಗಳಿಗೆ ಊರಿನ ಯಾವ ಗಾಡಿಗೆ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಗಿದೆ, ಯಾರು ಹೊಸದನ್ನು ಬುಕ್ ಮಾಡುವ ವಿಚಾರದಲ್ಲಿದ್ದಾರೆ ಎಂಬುದು ಜಾಹೀರಾತು ಹೊರಬೀಳುವ ಮೊದಲೇ ಗೊತ್ತಿರುತ್ತದೆ. ಅವರ ಕಮಿಷನ್ ಎಷ್ಟೆಂದು ಮೊದಲೇ ಮಾತಾಡಿ, ವ್ಯವಹಾರ ಮುಗಿದ ದಿನವೇ ಕೊಟ್ಟುಬಿಡಿ. ಆದರೆ ಗಾಡಿ ತೋರಿಸಿದ ಮೆಕ್ಯಾನಿಕ್‌ನಿಂದಲೇ ಅದರ ತಪಾಸಣೆ ಮಾಡಿಸಬೇಡಿ. ಮಾರಾಟವಾದರೆ ಲಾಭ ಪಡೆಯುವವರು ಎಷ್ಟೇ ಒಳ್ಳೆಯವರಾದರೂ ಅವರ ಕಣ್ಣಿಗೆ ಕೆಲವು ದೋಷಗಳು ಸಣ್ಣವಾಗಿ ಕಾಣುತ್ತವೆ.

ದಸರಾ, ದೀಪಾವಳಿ, ಯುಗಾದಿಗೆ ಹೊಸ ಗಾಡಿ ತರುವವರನ್ನು ಹಬ್ಬಕ್ಕೆ ಕೆಲವು ವಾರ ಮೊದಲೇ ಕಂಡು, ಶೋರೂಮಿನವರು ಹೇಳಿದ ಎಕ್ಸ್‌ಚೇಂಜ್ ಬೆಲೆಗಿಂತ ತುಸು ಹೆಚ್ಚು ಕೊಡುತ್ತೇನೆಂದರೆ ಇಬ್ಬರಿಗೂ ಅನುಕೂಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿರುವುದರಿಂದ, ಹಳೆಯದರ ಬೆಲೆಯನ್ನು ಹೊಸದರ ಈಗಿನ ಬೆಲೆಯಿಂದಲೇ ಲೆಕ್ಕ ಹಾಕಬೇಕು. ತಾವು ಕೊಂಡಾಗಿನ ದರವನ್ನೇ ಮನಸ್ಸಿನಲ್ಲಿಟ್ಟುಕೊಂಡ ಮಾಲೀಕರಿಗೆ ಇದನ್ನು ತಾಳ್ಮೆಯಿಂದ ವಿವರಿಸಬೇಕಾಗುತ್ತದೆ.

ಉತ್ತರ (ಹಾವೇರಿಯಿಂದ)

ಗಾಡಿ ಎಲ್ಲಿಂದ ಬಂತು ಎಂಬುದಕ್ಕಿಂತ ಅದು ಯಾರ ಹೆಸರಿನಲ್ಲಿ ಉಳಿಯಿತು ಎಂಬುದರ ಬಗ್ಗೆಯೇ ನನಗೆ ಹೆಚ್ಚು ಕಳವಳ. ಮಾಲೀಕತ್ವ ವರ್ಗಾವಣೆಯ ಅರ್ಜಿಗಳಾದ 29 ಮತ್ತು 30ನೇ ನಮೂನೆಗಳಿಗೆ, ಅವು ಖಾಲಿ ಇರುವಾಗಲೇ ಮಾಲೀಕರ ಸಹಿ ಪಡೆದು, ಗಾಡಿಯನ್ನು ಕೈಯಿಂದ ಕೈಗೆ ದಾಟಿಸುವ ರೂಢಿ ನಮ್ಮ ಕಡೆ ಬಹಳವಿದೆ. ತಮ್ಮ ಹೆಸರಿಗೆ ಮಾಡಿಸಿಕೊಂಡರೆ ಆರ್‌ಸಿಯಲ್ಲಿ ಒಬ್ಬ ಮಾಲೀಕ ಹೆಚ್ಚಾಗಿ ಬೆಲೆ ಇಳಿಯುತ್ತದೆ ಎಂಬುದೇ ಇದಕ್ಕೆ ಕಾರಣ. ಆದರೆ ವರ್ಗಾವಣೆಯಾಗದ ಗಾಡಿ ಅಪಘಾತ ಮಾಡಿದರೆ, ಪರಿಹಾರದ ಹೊಣೆ ನೋಂದಾಯಿತ ಮಾಲೀಕರ ಮೇಲೆಯೇ ಬೀಳುತ್ತದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ತಮ್ಮನ್ನು ನಂಬಿ ಕೀಲಿ ಕೊಟ್ಟವರನ್ನು ಅಂಥ ಸ್ಥಿತಿಗೆ ತಳ್ಳಬಾರದು.

ಇದಕ್ಕೆ ಈಗ ಕಾನೂನಿನ ದಾರಿಯಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ, ಆರ್‌ಟಿಒದಿಂದ ಅಧಿಕೃತ ವ್ಯಾಪಾರಿ ಎಂಬ ಪ್ರಮಾಣಪತ್ರ ಪಡೆದವರಿಗೆ ಮಾಲೀಕರು ಗಾಡಿ ಒಪ್ಪಿಸಿ 29ಸಿ ನಮೂನೆಯಲ್ಲಿ ತಿಳಿಸಿದರೆ, ಮುಂದಿನ ಹೊಣೆ ವ್ಯಾಪಾರಿಯದಾಗುತ್ತದೆ. ಅಂಥ ಗಾಡಿಯನ್ನು ಗಿರಾಕಿಗೆ ತೋರಿಸಲು, ರಿಪೇರಿಗೆ, ಪೇಂಟಿಂಗಿಗೆ, ತಪಾಸಣೆಗೆ ಮಾತ್ರ ರಸ್ತೆಗೆ ಇಳಿಸಬಹುದು. ವ್ಯಾಪಾರ ನೆಲೆ ನಿಲ್ಲುವವರೆಗೆ ತಾವು ಗಾಡಿ ಕೊಳ್ಳದೆ, ಮಾರುವವರನ್ನೂ ಕೊಳ್ಳುವವರನ್ನೂ ಮುಖಾಮುಖಿ ಕೂರಿಸಿ, ನೇರವಾಗಿ ಅವರಿಬ್ಬರ ನಡುವೆಯೇ ವರ್ಗಾವಣೆ ಮಾಡಿಸಿ, ಒಪ್ಪಿದ ದಲ್ಲಾಳಿ ಹಣ ಪಡೆಯುವುದು ಮೇಲು. ಅದಕ್ಕೆ ಬಂಡವಾಳವೂ ಬೇಕಿಲ್ಲ.

ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ 35ನೇ ನಮೂನೆ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬಾಕಿ ಇ-ಚಲನ್ ನೋಡಿಕೊಳ್ಳಿ. ವಿಮೆಯನ್ನು ಹೊಸ ಮಾಲೀಕರ ಹೆಸರಿಗೆ ಮಾಡಿಸಲು 14 ದಿನಗಳೊಳಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ್ದಕ್ಕೆ ಸಿಗುವ ವಿಮೆಯ ರಿಯಾಯಿತಿ) ಗಾಡಿಯ ಜೊತೆ ಬರುವುದಿಲ್ಲ.

ಉತ್ತರ (ಧಾರವಾಡದಿಂದ)

ಗೋವಾ ಗಾಡಿಯ ಬಗ್ಗೆ ಮಾತ್ರ ಹೇಳುತ್ತೇನೆ. ಅಲ್ಲಿನ ಆರ್‌ಟಿಒ ಎನ್‌ಒಸಿ ತಂದ ಮೇಲೆ, ಗಾಡಿಯ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕು. ಅದನ್ನು ಸೇರಿಸಿದರೆ, ಅಗ್ಗವೆನಿಸಿದ ಗಾಡಿ ಕೆಎ 25ರ (ಧಾರವಾಡ ನೋಂದಣಿಯ) ಗಾಡಿಗಿಂತ ದುಬಾರಿಯಾಗುವುದುಂಟು. ಮುಂಗಡ ಕೊಡುವ ಮೊದಲೇ ಇಲ್ಲಿನ ಕಚೇರಿಯಲ್ಲಿ ತೆರಿಗೆಯ ಮೊತ್ತ ಕೇಳಿಕೊಳ್ಳಿ. ಎಲ್ಲಿಯ ಗಾಡಿಯಾದರೂ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ: ನೆರೆಯಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಬೆಲ್ಟಿನ ಒಳಸುರುಳಿಯಲ್ಲಿ ಕೆಸರಿನ ಕಲೆ ಉಳಿದಿರುತ್ತದೆ.

ಮರುಪ್ರಶ್ನೆ (ಗದಗದಿಂದ)

ಎಲ್ಲರಿಗೂ ಧನ್ಯವಾದಗಳು. ಮೊದಲು ದಲ್ಲಾಳಿಯಾಗಿಯೇ ಆರಂಭಿಸುತ್ತೇನೆ. ಗಾಡಿ ಕೊಟ್ಟ ದಿನಕ್ಕೂ ಆರ್‌ಸಿ ಬದಲಾಗುವ ದಿನಕ್ಕೂ ನಡುವೆ ಏನು ಬರೆಸಿಕೊಳ್ಳಬೇಕು?

ಉತ್ತರ (ಹಾವೇರಿಯಿಂದ)

ಗಾಡಿ ಕೈ ಬದಲಾದ ದಿನಾಂಕ ಮತ್ತು ಗಂಟೆ, ಮೀಟರಿನಲ್ಲಿದ್ದ ಕಿಲೋಮೀಟರ್, ಚಾಸಿ ನಂಬರ್, ಕೊಟ್ಟ ಮತ್ತು ಬಾಕಿ ಉಳಿದ ಹಣ, ಇಬ್ಬರ ಗುರುತಿನ ಚೀಟಿಯ ಪ್ರತಿ ಇಷ್ಟನ್ನೂ ಒಪ್ಪಂದ ಪತ್ರದಲ್ಲಿ ಸೇರಿಸಿ, ಇಬ್ಬರಿಗೂ ಒಂದೊಂದು ಪ್ರತಿ ಕೊಡಿ. ವರ್ಗಾವಣೆಯ ಅರ್ಜಿಯನ್ನು ಅದೇ ದಿನ ಆನ್‌ಲೈನಿನಲ್ಲಿ ಹಾಕಿಸಿ. ಮಾರಿದವರು ಆರ್‌ಟಿಒಗೆ ತಿಳಿಸಲು ಕಾನೂನು ಕೊಟ್ಟಿರುವುದು 14 ದಿನ ಮಾತ್ರ.