ಸ್ಕ್ವಿಡ್: ಕ್ಯಾಶ್‌ಗೆ ಮಿತಿ ಹಾಕಿದ್ದರೂ ಡಿಸ್ಕ್ ಫುಲ್ ಆಗ್ತಿದೆ

ಗೋಣಿಕೊಪ್ಪ_ಲ್ಯಾಬ್:
ಕಾಲೇಜು ಲ್ಯಾಬಿನ ಉಬುಂಟು ಸರ್ವರ್‌ನಲ್ಲಿ ಸ್ಕ್ವಿಡ್ (ವೆಬ್ ಫೈಲುಗಳನ್ನು ಕ್ಯಾಶ್‌ನಲ್ಲಿ ಕೂಡಿಟ್ಟು ಮತ್ತೆ ಕೊಡುವ ಪ್ರಾಕ್ಸಿ) ಓಡ್ತಿದೆ. /ವಾರ್‌ಗೆ 40 ಜಿಬಿ, ರ‍್ಯಾಮ್ 2 ಜಿಬಿ. ಕ್ಯಾಶ್_ಡಿರ್ ಸಾಲಿನಲ್ಲಿ 36000 16 256 (ಎಂಬಿ ಮಿತಿ, ಆಮೇಲೆ ಒಳಗಿನ ಫೋಲ್ಡರ್‌ಗಳ ಸಂಖ್ಯೆ) ಅಂತಿದೆ. ಆದರೂ ಡಿಸ್ಕ್ 100% ಆಗಿ ಸ್ಕ್ವಿಡ್ ನಿಲ್ಲುತ್ತೆ. 5 ಜಿಬಿ ಆಕ್ಸೆಸ್ ಲಾಗ್ ಅಳಿಸಿದರೂ ಜಾಗ ಬರಲಿಲ್ಲ. ಮಳೆಗೆ ಕರೆಂಟ್ ಹೋಗಿ ಬಂದರಂತೂ ಶುರುವಾಗೋಕೇ ತುಂಬ ಹೊತ್ತು. ಏನು ಮಾಡೋದು?

ಮಡಿಕೇರಿ_ರೂಟ್:
ಆ 36000 ಎಂಬಿ ಕ್ಯಾಶ್ ಫೈಲುಗಳಿಗೆ ಮಾತ್ರ. ಲಾಗು, ಸ್ವಾಪ್.ಸ್ಟೇಟ್ (ಕ್ಯಾಶ್‌ನಲ್ಲಿ ಏನೇನಿದೆ ಎಂಬ ಪಟ್ಟಿಯ ಫೈಲ್) ಎಲ್ಲ ಅದರ ಹೊರಗೆ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ರೂಟ್ (ಅಡ್ಮಿನ್) ಯೂಸರ್‌ಗೆಂದು 5% ಎತ್ತಿಡುತ್ತೆ, ಅಲ್ಲೇ 2 ಜಿಬಿ ಹೋಯ್ತು. ಲಾಗ್ ಬರೆಯಲು ಜಾಗ ಇಲ್ಲದಿದ್ದರೆ ಸ್ಕ್ವಿಡ್ ಪ್ರಾಣ ಬಿಡುತ್ತೆ, ಡಿಫಾಲ್ಟ್ ನಡತೆಯೇ ಹಾಗೆ. ಪೂರ್ತಿ ಡಿಸ್ಕ್ ಕ್ಯಾಶ್‌ಗೇ ಮೀಸಲಿದ್ದರೂ 20% ಬಿಡಬೇಕು. ನಿಮ್ಮಲ್ಲಿ ಲಾಗೂ ಅಲ್ಲೇ ಇರೋದರಿಂದ 24000 ಸಾಕು. ರ‍್ಯಾಮ್ ಲೆಕ್ಕವೂ ನೋಡಿ: 64 ಬಿಟ್‌ನಲ್ಲಿ ಕ್ಯಾಶ್‌ನ ಪ್ರತಿ ಜಿಬಿಗೆ ಸುಮಾರು 14 ಎಂಬಿ ಇಂಡೆಕ್ಸ್. 36ಕ್ಕೆ 500 ಎಂಬಿ, ಮೇಲೆ ರ‍್ಯಾಮ್‌ನಲ್ಲೇ ಇಡುವ ಕ್ಯಾಶ್‌ಗೆ (ಕ್ಯಾಶ್_ಮೆಮ್) 256.

ಸಂಖ್ಯೆ ಇಳಿಸಿ 'ಸ್ಕ್ವಿಡ್ -ಕೆ ರೀಕಾನ್ಫಿಗರ್' ಕೊಡಿ, ಹಳೆಯದನ್ನು ಅದೇ ನಿಧಾನಕ್ಕೆ ಹೊರಹಾಕುತ್ತೆ. ಕ್ಯಾಶ್ ಫೋಲ್ಡರ್ ಒಳಗೆ ಕೈಯಾರೆ ಆರ್‌ಎಂ (ಅಳಿಸುವ ಕಮಾಂಡ್) ಮಾತ್ರ ಬೇಡ. ಪೂರ್ತಿ ಖಾಲಿ ಮಾಡಬೇಕೆಂದರೆ ಸ್ಕ್ವಿಡ್ ನಿಲ್ಲಿಸಿ, ಫೋಲ್ಡರ್ ಹೆಸರು ಬದಲಿಸಿ, ಹೊಸದನ್ನು ಪ್ರಾಕ್ಸಿ ಯೂಸರ್ ಹೆಸರಿಗೆ ಮಾಡಿ, ಒಳಗಿನ ಫೋಲ್ಡರ್‌ಗಳನ್ನು ಕಟ್ಟಲು 'ಸ್ಕ್ವಿಡ್ -ಝಡ್' ಓಡಿಸಿ ಶುರು ಮಾಡಿ. ಹಳೇ ಫೋಲ್ಡರ್ ಆಮೇಲೆ ಅಳಿಸಿದರಾಯ್ತು.

ಕಾವೇರಿ_ನೆಟ್:
ಅಳಿಸಿದ ಲಾಗನ್ನು ಸ್ಕ್ವಿಡ್ ಇನ್ನೂ ತೆರೆದು ಹಿಡಿದಿದೆ, 'ಎಲ್‌ಎಸ್‌ಒಎಫ್ +ಎಲ್1' ಕೊಟ್ಟರೆ ಕಾಣುತ್ತೆ. 'ಸ್ಕ್ವಿಡ್ -ಕೆ ರೊಟೇಟ್' ಮಾಡಿ, ಬಿಡುತ್ತೆ. ಅದರಲ್ಲೇ ಸ್ವಾಪ್.ಸ್ಟೇಟ್ ಕೂಡ ಹೊಸದಾಗಿ ಬರೆದು ಚಿಕ್ಕದಾಗುತ್ತೆ. ಹಳೇ ಲಾಗುಗಳನ್ನು ಸರಿಸುವ ಲಾಗ್‌ರೊಟೇಟ್ ದಿನಾ ಇದನ್ನು ಕರೀತಿದೆಯಾ ನೋಡಿ.

ಕರೆಂಟ್ ವಿಷಯ: ದಿಢೀರ್ ಆಫ್ ಆದರೆ ಸ್ವಾಪ್.ಸ್ಟೇಟ್ 'ಡರ್ಟಿ', ಅಂದರೆ ಸರಿಯಾಗಿ ಮುಚ್ಚಿರಲ್ಲ. ಮತ್ತೆ ಏಳುವಾಗ ಇಂಡೆಕ್ಸ್ ಕಟ್ಟಲು ಹೊತ್ತು ಹಿಡಿಯುತ್ತೆ. ಆ ಫೈಲೇ ಇಲ್ಲದಿದ್ದರೆ ಇನ್ನೂ ಕಷ್ಟ, ಕ್ಯಾಶ್‌ನ ಒಂದೊಂದು ಫೈಲನ್ನೂ ತೆರೆದು ಓದಬೇಕು. ಹಾಗಾಗಿ ಅದನ್ನು ಜಾಗಕ್ಕೆಂದು ಅಳಿಸಬೇಡಿ. ಯುಪಿಎಸ್ ಬ್ಯಾಟರಿ ಇಳಿಯುವ ಮುಂಚೆ ಸ್ಕ್ವಿಡ್ ತಾನೇ ಮುಚ್ಚುವಂತೆ ಮಾಡಿ. ಶಟ್‌ಡೌನ್_ಲೈಫ್‌ಟೈಮ್ 30 ಸೆಕೆಂಡ್, ಅಷ್ಟು ಸಮಯ ಸಿಗಲಿ. ಜಾಗ ಇದ್ದೂ ಫುಲ್ ಅಂದರೆ 'ಡಿಎಫ್ -ಐ' ನೋಡಿ, ಐನೋಡ್ (ಪ್ರತಿ ಫೈಲಿಗೂ ಬೇಕಾದ ನಮೂದು) ಮುಗಿದಿರುತ್ತೆ.

ಪೊನ್ನಂಪೇಟೆ_ಅಡ್ಮಿನ್:
ನನ್ನ ಕೇಳಿದರೆ 24000 ಕೂಡ ಜಾಸ್ತಿ. ಲಾಗ್‌ನಲ್ಲಿ ಟಿಸಿಪಿ_ಟನಲ್ ಸಾಲುಗಳೇ ತುಂಬಿದ್ದರೆ ಅವೆಲ್ಲ ಎಚ್‌ಟಿಟಿಪಿಎಸ್, ಒಂದೂ ಕ್ಯಾಶ್ ಆಗಲ್ಲ. ಉಳಿಯೋದು ಉಬುಂಟು ಪ್ಯಾಕೇಜಿನಂಥ ಎಚ್‌ಟಿಟಿಪಿ ಡೌನ್‌ಲೋಡ್. ಅದಕ್ಕೆ ಮ್ಯಾಕ್ಸಿಮಮ್_ಆಬ್ಜೆಕ್ಟ್_ಸೈಜ್ 512 ಎಂಬಿ ಮಾಡಿ, ಡಿಫಾಲ್ಟ್ 4 ಎಂಬಿ ಸಾಲದು. ಕ್ಯಾಶ್_ಡಿರ್ ಸಾಲಿನ ಮೇಲ್ಗಡೆ ಬರೀಬೇಕು, ಕೆಳಗೆ ಬರೆದರೆ ಆ ಡಿಸ್ಕ್‌ಗೆ ಅನ್ವಯಿಸಲ್ಲ.