ಕಡ್ಡಿಗೆ ನಿಕಲ್ ತುಂಬಿದ ಮೇಲೆ ಟಾಲುಯಿನ್‌ಗೆ ಬಣ್ಣವೇ ಬರುತ್ತಿಲ್ಲ, ಏಕೆ?

ಧಾರವಾಡದ ಹುಡುಗಿ, ಪುಣೆ
ಎಲ್ಲರಿಗೂ ನಮಸ್ಕಾರ. ಇಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಹೀಲಿಯಂ ತುಂಬಿದ ಚೇಂಬರ್‌ನಲ್ಲಿ ಎರಡು ಗ್ರಾಫೈಟ್ ಕಡ್ಡಿಗಳ ನಡುವೆ ಆರ್ಕ್ (ವಿದ್ಯುತ್ ಕಿಡಿ) ಹೊಡೆಸುವುದು ನಮ್ಮ ಪ್ರಾಜೆಕ್ಟ್. ಬರೀ ಗ್ರಾಫೈಟ್ ಇದ್ದಾಗ, ಗೋಡೆಯ ಮಸಿ ಕೆರೆದು ಟಾಲುಯಿನ್ ಎಂಬ ದ್ರಾವಕದಲ್ಲಿ ನೆನೆಸಿ ಸೋಸಿದರೆ ಚಂದದ ನೇರಳೆಗೆಂಪು ಬರುತ್ತಿತ್ತು. ಈಗ ಕಡ್ಡಿಗೆ ತೂತು ಕೊರೆದು ನಿಕಲ್, ಇಟ್ರಿಯಂ ಪುಡಿ ತುಂಬಿದ್ದೇವೆ. ಬಣ್ಣ ತೀರಾ ತೆಳು. ಮಸಿಯೂ ಉದುರುವುದಿಲ್ಲ, ಜೇಡರ ಬಲೆಯ ಹಾಗೆ ಜೋತಾಡುತ್ತದೆ. ಲೋಹ ಜಾಸ್ತಿ ಆಯಿತೇ? ಮುಂದಿನ ವಾರ ಗೈಡ್‌ಗೆ ತೋರಿಸಬೇಕು, ನಿದ್ದೆ ಬರುತ್ತಿಲ್ಲ.

ಹಳೇ ಕುಲುಮೆ, ಔಂಧ್
ತಂಗಿ, ಆ ಬಲೆ ಎಸೆದಿಲ್ಲ ತಾನೇ? ನಿಮಗೆ ಬೇಕಾದದ್ದು ಅದರಲ್ಲೇ ಇರಬಹುದು!

ಟಾಲುಯಿನ್‌ನಲ್ಲಿ ಕರಗಿ ಬಣ್ಣ ಕೊಡುವುದು ಫುಲ್ಲರೀನ್, ಅಂದರೆ ಚೆಂಡಿನಾಕಾರದ ಇಂಗಾಲದ ಅಣು. ನ್ಯಾನೊ ನಳಿಕೆ, ಅಂದರೆ ಇಂಗಾಲದ ಅತಿ ಸಣ್ಣ ಕೊಳವೆ, ಅದರಲ್ಲಿ ಕರಗುವುದೇ ಇಲ್ಲ. ಬರೀ ಇಂಗಾಲದ ಆವಿ ಹೀಲಿಯಂನಲ್ಲಿ ತಣಿಯುವಾಗ ಐದು ಮೂಲೆಯ ಉಂಗುರಗಳು ಸೇರಿ ಹಾಳೆ ಬಾಗುತ್ತದೆ, ಚೆಂಡಾಗಿ ಮುಚ್ಚಿಕೊಳ್ಳುತ್ತದೆ. ನಿಕಲ್ ಇದ್ದರೆ ಇಂಗಾಲ ಆ ಲೋಹದ ಹನಿಯೊಳಗೆ ಕರಗುತ್ತದೆ. ತಣಿದಂತೆ ಹೊರಗೆ ಬಂದು ಕೊಳವೆಯಾಗಿ ಬೆಳೆಯುತ್ತದೆ. 1993ರಲ್ಲಿ ಜಪಾನಿನ ವಿಜ್ಞಾನಿ ಇಜಿಮಾ ಕಬ್ಬಿಣದಿಂದ, ಅಮೆರಿಕದ ಐಬಿಎಂ ಕಂಪನಿಯವರು ಕೋಬಾಲ್ಟ್‌ನಿಂದ ಒಂಟಿ ಗೋಡೆಯ ನಳಿಕೆ ಪಡೆದಿದ್ದು ಹೀಗೇ. 1997ರಲ್ಲಿ ಫ್ರಾನ್ಸ್‌ನ ಮೊಂಪೆಲಿಯೆ ತಂಡ ಬಳಸಿದ್ದು ನಿಮ್ಮ ಜೋಡಿಯನ್ನೇ. 100 ಪರಮಾಣುವಿಗೆ ಸುಮಾರು 4 ನಿಕಲ್, 1 ಇಟ್ರಿಯಂ. ಕ್ಯಾಥೋಡ್ (ಋಣ ಕಡ್ಡಿ) ಸುತ್ತ ಕಾಲರ್‌ನಂತೆ ಕಟ್ಟಿದ ಮಸಿಯೇ ಅವರಿಗೆ ಎಲ್ಲಕ್ಕಿಂತ ಒಳ್ಳೆಯ ಮಾಲು. ನಿಮ್ಮಲ್ಲೂ ಅದನ್ನು ಬೇರೆ ಡಬ್ಬಿಗೆ ಹಾಕಿ, ರಾಮನ್ (ಲೇಸರ್ ಬೆಳಕಿನ ರೋಹಿತ ಪರೀಕ್ಷೆ) ಮಾಡಿಸಿ. 150ರಿಂದ 200 cm⁻¹ ನಡುವೆ ಶಿಖರ ಬಂದರೆ ಒಂಟಿ ಗೋಡೆಯ ನಳಿಕೆ ಇದೆ ಎನ್ನಬಹುದು.

ಪಾಷಾಣ್ ಮಳೆ
ಅಣ್ಣ ಹೇಳಿದ್ದು ಸರಿ. ಆದರೂ ಒಮ್ಮೆ ಬರೀ ಗ್ರಾಫೈಟ್ ಸುಟ್ಟು ನೋಡಿ. ಅದಕ್ಕೂ ಬಣ್ಣ ತೆಳುವಾದರೆ ತೇವವನ್ನು ಅನುಮಾನಿಸಿ. ಪುಣೆಯ ಜುಲೈ ಗೊತ್ತಲ್ವಾ? ಒಂದು ಸಲ ಮೂರು ವಾರ ನಮಗೆ ಬಣ್ಣವೇ ಸಿಗಲಿಲ್ಲ. ಸಿಲಿಂಡರ್ ಬದಲಾಯಿಸಿದೆವು, ಪಂಪಿನ ಎಣ್ಣೆ ಬದಲಾಯಿಸಿದೆವು. ಕೊನೆಗೆ ಗೊತ್ತಾಯಿತು, ತೆರೆದ ಶೆಲ್ಫಿನಲ್ಲಿಟ್ಟ ಕಡ್ಡಿಗಳು ನೀರು ಹೀರಿದ್ದವು. ಆರ್ಕ್‌ನಲ್ಲಿ ನೀರು ಒಡೆದು ಹೈಡ್ರೋಜನ್ ಬರುತ್ತದೆ. ಅದು ಇಂಗಾಲದ ತುದಿಗಳಿಗೆ ಅಂಟಿಕೊಂಡರೆ ಚೆಂಡು ಮುಚ್ಚಿಕೊಳ್ಳಲು ಆಗುವುದಿಲ್ಲ. ಆಮೇಲೆ ಕಡ್ಡಿಗಳನ್ನು ನಿರ್ವಾತದಲ್ಲಿ ಕಾಯಿಸಿಯೇ ಹಚ್ಚುತ್ತಿದ್ದೆವು.

ಅದೇ ನೀರು ಇನ್ನೊಂದು ಕಡೆ ಉಪಕಾರಿ. 2004ರಲ್ಲಿ ಜಪಾನಿನ ಹಾಟಾ ತಂಡ ಎಥಿಲೀನ್ ಅನಿಲದಿಂದ ನಳಿಕೆ ಬೆಳೆಸುವಾಗ ಚೂರೇ ಚೂರು ನೀರಾವಿ ಬಿಟ್ಟಿತು. 10 ನಿಮಿಷಕ್ಕೆ 2.5 ಮಿ.ಮೀ. ಎತ್ತರದ ನಳಿಕೆಗಳ ಕಾಡು! ಲೋಹದ ಕಣದ ಮೇಲೆ ಕೂರುವ ಕಸದಂಥ ಇಂಗಾಲವನ್ನು ನೀರು ತೆಗೆದುಹಾಕುತ್ತಿತ್ತು. ನನಗೆ ಈ ಕೆಲಸದಲ್ಲಿ ಬಹಳ ಇಷ್ಟವಾಗುವುದು ಇದೇ.

ಧಾರವಾಡದ ಹುಡುಗಿ, ಪುಣೆ
ಅಣ್ಣಾ, ಬಲೆ ಎಸೆದಿಲ್ಲ, ಗಾಜಿನ ಬಾಟಲಿಯಲ್ಲಿ ಇದೆ. ಕಾಲರ್ ಮಾತ್ರ ಕೆರೆದು ಎಲ್ಲದರ ಜೊತೆ ಬೆರೆಸಿಬಿಟ್ಟಿದ್ದೆ. ನಾಳೆ ಹೊಸ ಕಡ್ಡಿ ಹಾಕಿ ಬೇರೆ ತೆಗೆಯುತ್ತೇನೆ. ಬರೀ ಗ್ರಾಫೈಟ್ ಕಡ್ಡಿ ಈಗಲೇ ಓವನ್‌ಗೆ ಇಟ್ಟು ಬಂದೆ.