ಪೆಟ್ರೋಲ್ ಉಳಿಸುದು ಹೇಗೆ? ಗ್ಯಾರೇಜಿನ ಅಣ್ಣನ ಹತ್ರ ಕೇಳಿ

ಅಡ್ಮಿನ್: ರಾತ್ರಿ 8ರಿಂದ ಅಂಬಲಪಾಡಿ ಗ್ಯಾರೇಜಿನ ಅಣ್ಣ ಉತ್ತರ ಕೊಡ್ತಾರೆ. ಗಾಡಿ ಓಡಿಸುವ ಕ್ರಮ, ಮೈಲೇಜು, ಇಷ್ಟೇ ವಿಷಯ. ಸೆಕೆಂಡ್ ಹ್ಯಾಂಡ್ ವ್ಯಾಪಾರ ಬೇಡ.

ಕಟಪಾಡಿ: ಅಣ್ಣ, ದಿನಾ ಮಂಗಳೂರಿಗೆ ಹೋಗಿ ಬರುದು. ಲೀಟರಿಗೆ 18 ಕೊಡ್ತಿದ್ದ ಕಾರು ಈಗ 14.

ಗ್ಯಾರೇಜ್: ಹೈವೇಯಲ್ಲಿ ಎಷ್ಟರಲ್ಲಿ ಹೋಗ್ತೀರಿ?

ಕಟಪಾಡಿ: 100, 110.

ಗ್ಯಾರೇಜ್: ಅಲ್ಲೇ ಉಂಟು. 80ರಿಂದ 100ಕ್ಕೆ ಏರಿಸಿದ್ರೆ ಗಾಳಿಯ ತಡೆ ಒಂದೂವರೆ ಪಟ್ಟು ಆಗ್ತದೆ. ರಸ್ತೆ ಪೂರಾ ಖಾಲಿ ಇದ್ರೂ 50 ಕಿ.ಮೀ.ಗೆ ಉಳಿಯುದು ಏಳೂವರೆ ನಿಮಿಷ, ಅದನ್ನು ಮಂಗಳೂರಿನ ನಂತೂರು ಸರ್ಕಲಿನಲ್ಲಿ ನಿಂತು ಕಳೀತೀರಿ. ಒಂದು ತಿಂಗಳು 80 ದಾಟಬೇಡಿ. ಟಯರಿನ ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ನೋಡಿ. ಮತ್ತೆ ಫುಲ್ ಟ್ಯಾಂಕ್ ಮಾಡಿ ಓಡಿಸಿ, ಪುನಃ ಫುಲ್ ಮಾಡುವಾಗ ಹಿಡಿದ ಲೀಟರಿನಿಂದ ಕಿಲೋಮೀಟರ್ ಭಾಗಿಸಿ. ಲೆಕ್ಕ ಅದೇ ಸರಿ.

ಸುರತ್ಕಲ್: ಎಸಿ ಬಂದ್ ಮಾಡಿದ್ರೆ ಉಳೀತದಾ?

ಗ್ಯಾರೇಜ್: ಪೇಟೆಯಲ್ಲಿ ಹೌದು. ಹೈವೇಯಲ್ಲಿ ಗ್ಲಾಸ್ ಇಳಿಸಿ ಹೋದ್ರೆ ಗಾಳಿಯ ತಡೆ ಹೆಚ್ಚಾಗ್ತದೆ, ಅಲ್ಲಿ ಎಸಿ ಹಾಕಿ.

ಕುಂಜಿಬೆಟ್ಟು: ಅಣ್ಣ, ನನ್ನ ಮಗ ತೀರ್ಥಹಳ್ಳಿಯಲ್ಲಿ ಕೆಲಸದಲ್ಲಿದ್ದಾನೆ, ಶನಿವಾರ ಕಾರಿನಲ್ಲಿ ಆಗುಂಬೆ ಘಾಟಿ ಇಳಿದು ಮನೆಗೆ ಬರ್ತಾನೆ. ಪೆಟ್ರೋಲ್ ಉಳೀತದೆ ಅಂತ ಘಾಟಿಯಲ್ಲಿ ನ್ಯೂಟ್ರಲ್ ಹಾಕುದು, ಒಮ್ಮೊಮ್ಮೆ ಇಂಜಿನ್ ಬಂದ್ ಮಾಡುದು. ಹೋದ ವಾರ ಘಾಟಿಯ ಕೆಳಗಿನ ಸೋಮೇಶ್ವರ ಮುಟ್ಟುವಾಗ ಸುಟ್ಟ ವಾಸನೆ ಬಂತಂತೆ, ಬ್ರೇಕ್ ಸ್ವಲ್ಪ ಕೆಳಗೆ ಹೋಯ್ತಂತೆ. ಹೆದರುವಂಥದ್ದಾ?

ಗ್ಯಾರೇಜ್: ಅಕ್ಕ, ಹೆದರುವಂಥದ್ದೇ. ಮಗನಿಗೂ ಇದನ್ನು ಓದಿ ಹೇಳಿ.

ಮೊದಲು ಅವನ ಲೆಕ್ಕವೇ ತಪ್ಪು. ಈಗಿನ ಇಂಜೆಕ್ಷನ್ ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದ್ರೆ ಇಂಜೆಕ್ಟರ್ ಪೆಟ್ರೋಲ್ ನಿಲ್ಲಿಸ್ತದೆ. ಚಕ್ರವೇ ಇಂಜಿನ್ ತಿರುಗಿಸುದು, ಖರ್ಚು ಸೊನ್ನೆ. ನ್ಯೂಟ್ರಲ್ ಹಾಕಿದ್ರೆ ಇಂಜಿನ್ ನಿಲ್ಲದ ಹಾಗೆ ಪೆಟ್ರೋಲ್ ಕೊಡ್ತಾ ಇರ್ಬೇಕು. ಅಂದ್ರೆ ನ್ಯೂಟ್ರಲಿನಲ್ಲೇ ಜಾಸ್ತಿ ಹೋಗುದು.

ಇನ್ನು ಬ್ರೇಕ್. ಆಗುಂಬೆಯ 14 ಹೇರ್‌ಪಿನ್ ತಿರುವಿಗೂ ಗಾಡಿಯನ್ನು ಬರೀ ಬ್ರೇಕಿನಲ್ಲೇ ಹಿಡಿದ್ರೆ ಪ್ಯಾಡು, ಡಿಸ್ಕು ಕಾಯ್ತದೆ. ಆ ಬಿಸಿ ಬ್ರೇಕ್ ಆಯಿಲಿಗೆ ಹೋಗ್ತದೆ. ಹಳೇ ಆಯಿಲ್ ನೀರಿನ ಅಂಶ ಎಳೆದುಕೊಂಡಿರ್ತದೆ, ಬೇಗ ಕುದಿದು ಗುಳ್ಳೆ ಬರ್ತದೆ. ಗುಳ್ಳೆ ಬಂದ್ರೆ ಪೆಡಲ್ ಕೆಳಗೆ ಹೋಗ್ತದೆ, ಗಾಡಿ ನಿಲ್ಲುದಿಲ್ಲ. ನಮ್ಮ ಕರಾವಳಿ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸ್ಲೇಬೇಕು.

ಇಂಜಿನ್ ಬಂದ್ ಮಾಡುದು ಇನ್ನೂ ಕೆಟ್ಟದು. ಬ್ರೇಕ್ ಹಗುರ ಮಾಡುವ ಬೂಸ್ಟರಿನಲ್ಲಿ ಉಳಿದ ಬಲ ಎರಡು ಮೂರು ಸಲ ತುಳಿಯುವಷ್ಟು ಮಾತ್ರ, ಮತ್ತೆ ಪೆಡಲ್ ಕಲ್ಲು. ಪವರ್ ಸ್ಟೇರಿಂಗ್ ಇಲ್ಲ. ಕೀ ತೆಗೆದ್ರೆ ಸ್ಟೇರಿಂಗ್ ಲಾಕೂ ಆಗ್ಬಹುದು. ತಿರುವಿನಲ್ಲಿ ಎದುರಿಂದ ಬಸ್ ಬಂದ್ರೆ ಎಂತ ಮಾಡ್ತಾನೆ?

ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಗಾಡಿ ಇಂಜಿನಿನ ಹಿಡಿತದಲ್ಲಿ ಇಳೀಲಿ, ಬ್ರೇಕ್ ತಿರುವಿಗೆ ಮಾತ್ರ. ವಾಸನೆ ಬಂದ್ರೆ ಜಾಗ ನೋಡಿ ನಿಲ್ಲಿಸಿ ತಣಿಯಲು ಬಿಡಬೇಕು, ನೀರು ಹೊಯ್ಯಬಾರದು. ಬ್ರೇಕ್ ತೋರಿಸುವವರೆಗೆ ಈ ಕಾರು ಘಾಟಿ ಇಳಿಯುದು ಬೇಡ.

ಕಾರ್ಕಳ: ನಾವು 30 ವರ್ಷದಿಂದ ನ್ಯೂಟ್ರಲಿನಲ್ಲೇ ಇಳೀತಿದ್ದೇವೆ, ಎಂತ ಆಗ್ಲಿಲ್ಲ.

ಬ್ರಹ್ಮಾವರ: ನಿಮಗೆ ಆಗ್ಲಿಲ್ಲ ಅಂತ ಆ ಹುಡುಗನಿಗೆ ಆಗುದಿಲ್ವಾ ಮಾರಾಯ್ರೆ?

ಕಾರ್ಕಳ: ನಾನು ನಿಮ್ಮ ಹತ್ರ ಮಾತಾಡ್ಲಿಲ್ಲ. ಕಾರ್ಬುರೇಟರ್ ಗಾಡಿಯಲ್ಲಿ ಉಳೀತಿತ್ತು.

ಗ್ಯಾರೇಜ್: ಕಾರ್ಬುರೇಟರಿನಲ್ಲಿ ಉಳೀತಿತ್ತು, ಒಪ್ಪಿದೆ. ಆಗಲೂ ಬ್ರೇಕ್ ಸುಡ್ತಿತ್ತು.

ಬೈಂದೂರು: ಅಣ್ಣ, ಸಿಎನ್‌ಜಿ ಕಿಟ್ ಹಾಕ್ಬಹುದಾ? 2016ರ ಕಾರು.

ಮಲ್ಪೆ: ಫಾರ್ವರ್ಡ್ ಬಂದದ್ದು: ಟ್ಯಾಂಕಿಗೆ ನಾಲ್ಕು ನುಸಿಗುಳಿಗೆ ಹಾಕಿ, ಬೆಳಿಗ್ಗೆ 6ಕ್ಕೆ ಪೆಟ್ರೋಲ್ ತುಂಬಿಸಿ, ಪೈಪಿಗೆ ಆಯಸ್ಕಾಂತ ಕಟ್ಟಿ. ಮೈಲೇಜು ಡಬಲ್. ಎಲ್ಲರಿಗೂ ಕಳಿಸಿ.

ಗ್ಯಾರೇಜ್: ಯಾರಿಗೂ ಕಳಿಸಬೇಡಿ. ಗುಳಿಗೆ ಪೂರಾ ಕರಗದೆ ಉಳಿದ್ರೆ ಫಿಲ್ಟರ್ ಕಟ್ಟುದು. ಬಂಕಿನ ಟ್ಯಾಂಕ್ ನೆಲದಡಿ ಇರುದು, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಲೆಕ್ಕಕ್ಕೆ ಬರುವ ವ್ಯತ್ಯಾಸ ಇಲ್ಲ. ಆಯಸ್ಕಾಂತದಿಂದ ಎಂತದೂ ಆಗುದಿಲ್ಲ.

ಮಲ್ಪೆ: ಒಳ್ಳೇದಕ್ಕೆ ಹಾಕಿದ್ದು, ಅಷ್ಟು ಸಿಟ್ಟು ಯಾಕೆ?

ಗ್ಯಾರೇಜ್: ಗುಳಿಗೆ ಹಾಕಿದ ಟ್ಯಾಂಕ್ ಇಳಿಸಿ ತೊಳೆಯುವವ ನಾನು.

ಸಂತೆಕಟ್ಟೆ: ಡ್ರೈವಿಂಗ್ ಎಲ್ಲ ಸುಮ್ಮನೆ. ಮೈಲೇಜು ಹೋದದ್ದು ಪೆಟ್ರೋಲಿಗೆ ಸೇರಿಸುವ ಎಥನಾಲಿನಿಂದ.

ಕಟಪಾಡಿ: ಅದೇ ನಾನೂ ಹೇಳುದು! ನನ್ನ 18 ಸುಮ್ಮನೆ 14 ಆದದ್ದಾ?

ಬ್ರಹ್ಮಾವರ: 110ರಲ್ಲಿ ಹೋಗಿ ಎಥನಾಲಿಗೆ ಬೈದ್ರೆ ಹೇಗೆ?

ಸಂತೆಕಟ್ಟೆ: ನಿಮಗೆ ಸರಕಾರ ಸಂಬಳ ಕೊಡ್ತದಾ?

ಅಡ್ಮಿನ್: ರಾಜಕೀಯ ಬೇಡ.

ಗ್ಯಾರೇಜ್: ಎಥನಾಲಿನಲ್ಲಿ ಲೀಟರಿಗೆ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಮ್ಮಿ. 20 ಪರ್ಸೆಂಟ್ ಸೇರಿಸಿದ್ರೆ 6–7 ಪರ್ಸೆಂಟ್ ಶಕ್ತಿ ಹೋಗ್ತದೆ. 18 ಇದ್ದದ್ದು 17 ಆಗ್ಬಹುದು. ಉಳಿದ ಮೂರು ಬೇರೆ ಕಡೆ ಹುಡುಕಿ.

ಪಂಪ್‌ವೆಲ್: ಎಸಿ ಬಂದ್ ಮಾಡಿದ್ರೆ ಉಳೀತದಾ?

ಗ್ಯಾರೇಜ್: ಮೇಲೆ ಉಂಟು.

ಮಣಿಪಾಲ: ಸಿಗ್ನಲಿನಲ್ಲಿ ಬಂದ್ ಮಾಡ್ಬೇಕಾ? ಸ್ಟಾರ್ಟಿಗೇ ಜಾಸ್ತಿ ಬೇಕಲ್ವಾ?

ಗ್ಯಾರೇಜ್: ಇಲ್ಲ. ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲುದಾದ್ರೆ ಬಂದ್ ಮಾಡಿ. ಸುಮ್ಮನೆ ಸ್ಟಾರ್ಟಿನಲ್ಲಿಟ್ರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಹೋಗ್ತದೆ. ಬ್ಯಾಟರಿ ಸರಿ ಇರ್ಬೇಕು.

ಬೈಂದೂರು: ಸಿಎನ್‌ಜಿ ಬಗ್ಗೆ ಯಾರಾದ್ರೂ ಹೇಳಿ.

ಕಾಪು: ಎಸಿ ಹಾಕಿದ್ರೆ ಎಷ್ಟು…

ಗ್ಯಾರೇಜ್: ಮೇಲೆ ಓದಿ ಮಾರಾಯ್ರೆ! ಮೂರನೇ ಸಲ.

ಕಾಪು: ಕೇಳಿದ್ದಕ್ಕೆ ಹೀಗಾ? ಹೇಳ್ಲಿಕ್ಕಾಗದಿದ್ರೆ ಕೂತದ್ದು ಯಾಕೆ?

ಕುಂಜಿಬೆಟ್ಟು: ಅಣ್ಣ, ಮಗನಿಗೆ ಫೋನ್ ಮಾಡಿದೆ. ನಿಧಾನ ಇಳಿಸಿ ಸೀದಾ ನಿಮ್ಮಲ್ಲಿಗೆ ತರ್ತೇನೆ ಅಂತಾನೆ.

ಗ್ಯಾರೇಜ್: ಬೇಡ ಅಕ್ಕ. ಕಾರು ಅಲ್ಲೇ ಇರ್ಲಿ, ತೀರ್ಥಹಳ್ಳಿಯಲ್ಲೇ ಪ್ಯಾಡ್, ಡಿಸ್ಕ್ ನೋಡಿಸಿ ಆಯಿಲ್ ಬದಲಿಸ್ಲಿ. ಈ ಶನಿವಾರ ಬಸ್ಸಿನಲ್ಲಿ ಬರ್ಲಿ. ಅಲ್ಲಿಯ ಮೆಕ್ಯಾನಿಕ್ ಹತ್ರ ನಾನೇ ಫೋನಿನಲ್ಲಿ ಮಾತಾಡ್ತೇನೆ, ನನ್ನ ನಂಬರ್ ಅವನಿಗೆ ಕೊಡಿ.